ಎಂಜಿನ್ ಶುಚಿಗೆ ಸೀಸೆಯ ಮದ್ದು ಸಾಕೇ?



ಕೊಡಗಿನ ಕಾಫಿ ತೋಟಗಳಲ್ಲಿ ಇಂದು ಕತ್ತಿಯ ಸದ್ದಿಗಿಂತ ಎಂಜಿನ್ನಿನ ಸದ್ದೇ ಹೆಚ್ಚಾಗಿ ಕೇಳುತ್ತದೆ. ಕಳೆ ಕೊಚ್ಚಲು, ಬೋರ್ಡೋ ದ್ರಾವಣ ಸಿಂಪಡಿಸಲು, ಮರಗಸಿ ಮಾಡಲು, ಹೂ ಮಳೆ ಕೈಕೊಟ್ಟಾಗ ತುಂತುರು ನೀರು ಹಾಯಿಸಲು, ಎಲ್ಲಕ್ಕೂ ಯಂತ್ರವೇ ಬೇಕು. ಆಳುಗಳು ಸಿಗದ ಈ ಕಾಲದಲ್ಲಿ ಯಂತ್ರ ನಿಂತರೆ ತೋಟದ ಕೆಲಸವೇ ನಿಂತಂತೆ. ಇದನ್ನು ಬಲ್ಲ ವ್ಯಾಪಾರಿಗಳು ಎಂಜಿನ್ ಶುಚಿಗೊಳಿಸುವುದಾಗಿ ಹೇಳಿಕೊಳ್ಳುವ ಹಲವು ಬಗೆಯ ದ್ರವಗಳನ್ನು ಸೀಸೆಯಲ್ಲಿ ತುಂಬಿ ಮಾರುತ್ತಿದ್ದಾರೆ. ಇವುಗಳನ್ನು ಪೆಟ್ರೋಲಿಗೆ ಬೆರೆಸಿದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೆಳೆಯುತ್ತಿದೆ. ಈ ನಂಬಿಕೆ ತಪ್ಪೆಂಬುದು ನನ್ನ ಅಭಿಪ್ರಾಯ.

ನಾನು ಕಲಿತ ಪಾಠ

ಕೆಲವು ವರ್ಷಗಳ ಹಿಂದೆ, ಮುಂಗಾರು ಹಿಡಿಯಲು ಒಂದು ವಾರವಿದೆ ಎನ್ನುವಾಗ ನನ್ನ ಸಿಂಪರಣಾ ಯಂತ್ರವನ್ನು ಕೊಟ್ಟಿಗೆಯಿಂದ ಹೊರತೆಗೆದೆ. ಹಿಂದಿನ ಸೆಪ್ಟೆಂಬರಿನಲ್ಲಿ ಇಟ್ಟದ್ದು, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೆಯೇ ಇತ್ತು. ಎಷ್ಟು ಹಗ್ಗ ಎಳೆದರೂ ಎಂಜಿನ್ ಹೊತ್ತಲಿಲ್ಲ. ಅಂಗಡಿಯೊಂದರಲ್ಲಿ ಒಂದು ಸೀಸೆ ಕೊಟ್ಟು, ಇದನ್ನು ಹಾಕಿ, ಎಲ್ಲ ಸರಿಹೋಗುತ್ತದೆ ಎಂದರು. ಹಾಕಿದೆ. ತೋಳು ಸೋತಿತೇ ಹೊರತು ಯಂತ್ರ ಏಳಲಿಲ್ಲ. ಕೊನೆಗೆ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿದಾಗ, ಒಳಗೆ ಹಲಸಿನ ಮೇಣದಂಥ ಅಂಟು ಗಟ್ಟಿಯಾಗಿ ಕುಳಿತಿತ್ತು. ರಿಪೇರಿಗೆ ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಮಳೆ ಬಂತು. ತೋಟದ ಕೆಳಭಾಗಕ್ಕೆ ಮದ್ದು ಬೀಳಲೇ ಇಲ್ಲ. ಆ ವರ್ಷ ಕೊಳೆ ರೋಗ ಮೊದಲು ಕಾಣಿಸಿದ್ದೂ ಅಲ್ಲಿಯೇ. ನಷ್ಟವಾದದ್ದು ಸೀಸೆಯ ಬೆಲೆಯಲ್ಲ, ಫಸಲು.

ಅಂಟು ಬರುವುದೆಲ್ಲಿಂದ?

ಪೆಟ್ರೋಲ್ ಇಟ್ಟಲ್ಲಿಯೇ ಹಳತಾಗುವ ವಸ್ತು. ಅದರ ಹಗುರ ಭಾಗ ಆರಿಹೋಗುತ್ತದೆ. ಉಳಿದ ಭಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತದೆ. ಕಾರ್ಬುರೇಟರಿನ ಜೆಟ್ಟಿನ ರಂಧ್ರ ಸೂಜಿಯ ಮೊನೆಯಷ್ಟು ಸಣ್ಣದು. ಅದು ಮುಚ್ಚಲು ಸ್ವಲ್ಪ ಅಂಟು ಸಾಕು.

ಇದಕ್ಕೆ ಈಗ ಎಥೆನಾಲ್ ಸೇರಿದೆ. ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ 2022ರಲ್ಲಿ ನೂರಕ್ಕೆ 10ನ್ನು ತಲುಪಿ, 2025ರಲ್ಲಿ 20ನ್ನು ಮುಟ್ಟಿತು. ಕಬ್ಬು ಮತ್ತು ಮೆಕ್ಕೆಜೋಳ ಬೆಳೆಯುವ ನಮ್ಮದೇ ರೈತ ಸೋದರರಿಗೆ ಇದರಿಂದ ಮಾರುಕಟ್ಟೆ ದೊರೆತಿದೆ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ನಮ್ಮ ಹವೆಯಲ್ಲಿ ಇದು ಸಣ್ಣ ಮಾತಲ್ಲ. ನೀರು ಮಿತಿಮೀರಿದಾಗ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಟೂ-ಸ್ಟ್ರೋಕ್ ಎಂಜಿನ್ನಿಗೆ ನಾವು ಬೆರೆಸಿದ ಆಯಿಲ್ ಮೇಲಿನ ಪದರದಲ್ಲಿ ಉಳಿಯುತ್ತದೆ. ಕೆಳಗಿನಿಂದ ಬಂದ ದ್ರವದಲ್ಲಿ ಎಣ್ಣೆಯ ಪಸೆಯಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಎಥೆನಾಲಿಗೆ ನೂರಕ್ಕೆ 10ರ ಮಿತಿ ಹೇಳಿರುವುದನ್ನು ತಾವು ಗಮನಿಸಬೇಕು.

ಸೀಸೆಯಿಂದ ಆಗುವುದೇನು, ಆಗದಿರುವುದೇನು?

ಈ ದ್ರವಗಳೆಲ್ಲ ಮೋಸವೆಂದು ನಾನು ಹೇಳುವುದಿಲ್ಲ. ಆದರೆ ಒಂದೊಂದರ ಕೆಲಸ ಒಂದೊಂದು.

ಪೆಟ್ರೋಲ್ ಕೆಡದಂತೆ ತಡೆಯುವ ದ್ರವವನ್ನು ಹೊಸ ಪೆಟ್ರೋಲಿಗೆ, ಯಂತ್ರವನ್ನು ನಿಲ್ಲಿಸುವ ಮೊದಲೇ ಬೆರೆಸಬೇಕು. ಕೆಟ್ಟ ಪೆಟ್ರೋಲನ್ನು ಅದು ಒಳ್ಳೆಯದಾಗಿಸದು; ಹುಳಿಯಾದ ಹಾಲಿಗೆ ಹೆಪ್ಪು ಬೀಳದಂತೆ ತಡೆಯಲಾದೀತೇ? ಹಿಮ ಬೀಳುವ ದೇಶಗಳಲ್ಲಿ ಹಿಮದ ಮೇಲೆ ಓಡುವ ಬಂಡಿಗಳು ಬೇಸಿಗೆಯುದ್ದಕ್ಕೂ ನಿಂತೇ ಇರುತ್ತವೆ. ಅಲ್ಲಿಯ ಜನ ಇದನ್ನು ಬಂಡಿ ನಿಲ್ಲಿಸುವ ದಿನವೇ ಹಾಕುತ್ತಾರೆ. ನಾವು ಯಂತ್ರ ಕೈಕೊಟ್ಟ ಮೇಲೆ ಹಾಕುತ್ತೇವೆ.

ಮಸಿ, ಅಂಟು ತೊಳೆಯುವ ದ್ರವ ಪೆಟ್ರೋಲ್ ಹರಿಯುವ ದಾರಿಯಲ್ಲಿ ಮಾತ್ರ ಕೆಲಸ ಮಾಡಬಲ್ಲದು. ಜೆಟ್ ಪೂರ್ತಿ ಮುಚ್ಚಿದ್ದರೆ ಪೆಟ್ರೋಲೇ ಹರಿಯದು. ಬಾಗಿಲು ಹಾಕಿದ ಕೋಣೆಯ ಕಸವನ್ನು ಹೊರಗೆ ನಿಂತು ಗುಡಿಸುವುದು ಹೇಗೆ? ಸೈಲೆನ್ಸರಿನಲ್ಲಿ ಕಟ್ಟಿದ ಮಸಿಗೆ ಹೆಚ್ಚಾಗಿ ಕಾರಣ ಅತಿಯಾದ ಇಲ್ಲವೇ ಕಳಪೆ ಆಯಿಲ್. ಕೈಪಿಡಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಇದನ್ನು ಅಳೆದು ಹಾಕಬೇಕೇ ಹೊರತು ಕಣ್ಣಳತೆಯಿಂದಲ್ಲ.

ನೀರು ತೆಗೆಯುವ ದ್ರವಗಳ ಮಾತು ಇನ್ನೂ ವಿಚಿತ್ರ. ಇವುಗಳಲ್ಲಿ ಹಲವು ಆಲ್ಕೋಹಾಲಿನಿಂದಲೇ ಆದವು. ಐದರಲ್ಲೊಂದು ಪಾಲು ಆಲ್ಕೋಹಾಲ್ ಈಗಾಗಲೇ ಇರುವ ಪೆಟ್ರೋಲಿಗೆ ಮತ್ತೆ ಹಣ ತೆತ್ತು ಅದನ್ನೇ ಸುರಿಯುವುದು ಯಾವ ಜಾಣತನ?

ಖರ್ಚಿಲ್ಲದ ಉಪಾಯ

ಮೂರು ವಾರಕ್ಕಿಂತ ಹೆಚ್ಚು ಕಾಲ ಯಂತ್ರಕ್ಕೆ ಕೆಲಸವಿಲ್ಲವೆಂದು ತೋರಿದರೆ ಹೀಗೆ ಮಾಡಿ:

1. ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಟ್ಯಾಂಕಿನ ಪೆಟ್ರೋಲನ್ನು ಮುಚ್ಚಳವಿರುವ ಡಬ್ಬಿಗೆ ಬಸಿಯಿರಿ.

2. ಎಂಜಿನ್ ಚಾಲೂ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಬಿಡಿ. ಕಾರ್ಬುರೇಟರಿನ ಬಟ್ಟಲಿಗೆ ಬಸಿಯುವ ತಿರುಪು ಇದ್ದರೆ ಅದನ್ನೂ ಸಡಿಲಿಸಿ.

3. ಎಂಜಿನ್ ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೆಲವೇ ಹನಿ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಬಾರಿ ಮೆಲ್ಲಗೆ ಎಳೆದು, ಪ್ಲಗ್ ಮರಳಿ ಹಾಕಿ.

4. ಗಾಳಿ ಸೋಸುವ ಫಿಲ್ಟರನ್ನು ಶುಚಿಮಾಡಿ, ಯಂತ್ರವನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಡಿ.

ಡೀಸೆಲ್ ಪಂಪ್‌ಸೆಟ್ಟಿಗೆ ಕ್ರಮ ಬೇರೆ. ಹೂ ಮಳೆಯ ಕಾಲ ಮುಗಿದ ಮೇಲೆ ಅದರ ಟ್ಯಾಂಕನ್ನು ಖಾಲಿ ಬಿಡದೆ ತುಂಬಿಸಿಡುವುದು ಲೇಸು. ಖಾಲಿ ಜಾಗದ ತೇವದ ಗಾಳಿ ತಣಿದು ನೀರಾಗಿ ತಳ ಸೇರಿದರೆ, ಆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಫಿಲ್ಟರನ್ನು ಕಟ್ಟುತ್ತದೆ. ಮತ್ತೆ ಚಾಲೂ ಮಾಡುವ ಮೊದಲು ತಳದ ನೀರನ್ನು ಬಸಿದುಬಿಡಬೇಕು.

ತಪ್ಪು ನಮ್ಮದೊಂದೇ ಅಲ್ಲ

ಯಂತ್ರ ತಯಾರಿಸುವವರು ಕನ್ನಡದಲ್ಲಿ ಕೈಪಿಡಿ ಕೊಟ್ಟು, ಎಥೆನಾಲಿನ ಮಿತಿಯನ್ನು ಟ್ಯಾಂಕಿನ ಮೇಲೆಯೇ ಬರೆಯಬೇಕು. ಬಂಕ್‌ಗಳಲ್ಲಿ ಬೆರಕೆಯ ಪ್ರಮಾಣ ಕನ್ನಡದಲ್ಲಿ ಕಾಣುವಂತಿರಬೇಕು. ರೈತ ತರಬೇತಿಗಳಲ್ಲಿ ಗೊಬ್ಬರ, ಔಷಧಿಗಳ ಜೊತೆಗೆ ಸಣ್ಣ ಎಂಜಿನ್ನಿನ ಪೋಷಣೆಗೂ ಒಂದು ದಿನ, ಅದೂ ಮೇ ತಿಂಗಳಿಗೆ ಮೊದಲು, ಮೀಸಲಿಡಬೇಕು. ಇದನ್ನು ಕೇಳುವುದು ನಮ್ಮ ಹಕ್ಕು.

ಕೊಡಗಿನವರಿಗೆ ಇದು ಹೊಸ ಬುದ್ಧಿಯೇನಲ್ಲ. ಕೈಲ್ ಮುಹೂರ್ತದಂದು ಆಯುಧಗಳನ್ನು ಒರೆಸಿ, ಶುಚಿಮಾಡಿ ಪೂಜಿಸುವ ನಾಡು ಇದು. ಕೋವಿಯನ್ನು ಕೊಳೆಯೊಂದಿಗೆ ಮೂಲೆಗಿಟ್ಟವನನ್ನು ಹಿರಿಯರು ಸುಮ್ಮನೆ ಬಿಡುತ್ತಿರಲಿಲ್ಲ. ಇಂದು ತೋಟವನ್ನು ಕಾಯುವ ಆಯುಧ ಈ ಎಂಜಿನ್. ಅದಕ್ಕೂ ಅದೇ ಮರ್ಯಾದೆ ಸಲ್ಲಲಿ. ಈ ಸಲ ಸೀಸೆ ಕೊಳ್ಳುವ ಮುನ್ನ ಟ್ಯಾಂಕ್ ಬಸಿದು ನೋಡಿ.