ಮೂವರಿಗೂ 22 ವೋಟು: ಹಾಗಾದ್ರೆ ದೊಡ್ಡ ಆಟಗಾರ ಯಾರು?

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮ ಅಕ್ಕನ ಮಗ ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಹೊಸದರಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಮಾತಿರಲಿಲ್ಲ. ಈಗ ಬರೀ 'ಫೂಟಿ' ಜಪ. ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಜೊತೆ ಕೆಲಸ ಮಾಡೋರೆಲ್ಲ ಕಾಲಿಂಗ್‌ವುಡ್ ಕ್ಲಬ್ಬಿನ ಅಭಿಮಾನಿಗಳಂತೆ, ಇವನೂ ಕಪ್ಪು ಬಿಳಿ ಪಟ್ಟೆಯ ಮಫ್ಲರ್ ಸುತ್ತಿಕೊಂಡು ಫೋಟೊ ಕಳಿಸ್ತಾನೆ. ಹೋದ ಭಾನುವಾರ ಫೋನಲ್ಲಿ ಮಾತಾಡ್ತಾ ನಾನು ಆ್ಯಡಮ್ ಗುಡ್ಸ್ ಹೆಸರು ಎತ್ತಿದೆ. ಅವನಂದ: "ಗುಡ್ಸ್ ಒಳ್ಳೆ ಪ್ಲೇಯರೇ ಮಾವ, ಇಲ್ಲ ಅನ್ನಲ್ಲ. ಆದ್ರೆ ನೇಥನ್ ಬಕ್ಲಿ ಲೆವೆಲ್ ಅಲ್ಲ ಬಿಡಿ. ಗುಡ್ಸ್ ಸ್ವಭಾವ ಸರಿ ಇರ್ಲಿಲ್ಲ ಅಂತಾರೆ ಇಲ್ಲಿ."

ಆಟದ ಬಗ್ಗೆ ಕೇಳಿದರೆ ಸ್ವಭಾವದ ಉತ್ತರ! ಈ ಮಾತು ಮೂರು ದಿನ ತಲೇಲಿ ಕೊರೀತಾ ಇತ್ತು. ಅದಕ್ಕೇ ಬರೀತಿದ್ದೀನಿ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾವು ನೋಡೋ ಫುಟ್‌ಬಾಲ್ ಅಲ್ಲ. ಕ್ರಿಕೆಟ್ ಆಡುವಷ್ಟು ದೊಡ್ಡ ಮೈದಾನ, ಮೊಟ್ಟೆ ಆಕಾರದ ಚೆಂಡು, ಒಂದೊಂದು ಕಡೆಗೆ 18 ಜನ. ಚೆಂಡನ್ನು ಒದೀಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಮಾಡಬಹುದು, ಆದರೆ ಕೈಯಲ್ಲಿ ಎಸೆಯೋ ಹಾಗಿಲ್ಲ. ನಡುವಿನ ಎರಡು ಕಂಬದ ಮಧ್ಯೆ ಒದ್ದು ಕಳಿಸಿದರೆ ಗೋಲು, 6 ಪಾಯಿಂಟ್. ಎಎಫ್‌ಎಲ್ ಅನ್ನೋದು ಈ ಆಟದ ದೊಡ್ಡ ಲೀಗ್.

ಈ ಲೀಗ್‌ನಲ್ಲಿ ಆಟಗಾರನಿಗೆ ಸಿಗೋ ಅತಿ ದೊಡ್ಡ ಗೌರವ ಬ್ರೌನ್‌ಲೋ ಮೆಡಲ್. 1924ರಿಂದ ಕೊಡ್ತಾ ಬಂದಿದ್ದಾರೆ. ಲೀಗ್ ಹಂತದ ಪ್ರತಿ ಮ್ಯಾಚ್ ಮುಗಿದ ಮೇಲೆ ಅಂಪೈರುಗಳೇ ಮೂವರು ಆಟಗಾರರನ್ನ ಆರಿಸಿ 3, 2, 1 ಅಂತ ವೋಟು ಹಾಕ್ತಾರೆ. ವರ್ಷದ ಕೊನೆಗೆ ಎಣಿಕೆ. 2003ರ ಎಣಿಕೆಯಲ್ಲಿ ಮೂವರು ಸಮ ಬಂದರು. ಕಾಲಿಂಗ್‌ವುಡ್‌ನ ನೇಥನ್ ಬಕ್ಲಿ, ಅಡಿಲೇಡ್‌ನ ಮಾರ್ಕ್ ರಿಚುಟೊ, ಸಿಡ್ನಿ ಸ್ವಾನ್ಸ್‌ನ ಆ್ಯಡಮ್ ಗುಡ್ಸ್. ಮೂವರಿಗೂ 22 ವೋಟು, ಮೂವರಿಗೂ ಮೆಡಲ್. ಬಕ್ಲಿ, ರಿಚುಟೊ ಬಿಳಿಯರು. ಗುಡ್ಸ್ ಆ ನೆಲದ ಅಬೊರಿಜಿನಲ್ ಮೂಲನಿವಾಸಿ, ತಾಯಿಯ ಕಡೆಯಿಂದ ಅಡ್ನ್ಯಾಮಥನ್ಹಾ ಮತ್ತು ನರುಂಗಾ ಜನಾಂಗದವರು. ಅವರ ತಾಯಿಯನ್ನ ಚಿಕ್ಕವಯಸ್ಸಲ್ಲೇ ಮನೆಯವರಿಂದ ಕಿತ್ತುಕೊಂಡು ಹೋಗಲಾಗಿತ್ತು. ಹಾಗೆ ಕಳೆದುಹೋದ ಮಕ್ಕಳನ್ನ ಅಲ್ಲಿ 'ಕದ್ದ ತಲೆಮಾರು' ಅಂತಲೇ ಕರೀತಾರೆ.

ಸರಿ, ಈಗ ಆಟಕ್ಕೆ ಬರೋಣ. ಪ್ರಾಮಾಣಿಕವಾಗಿಯೇ ತೂಗೋಣ.

ಬಕ್ಲಿ 280 ಪಂದ್ಯ ಆಡಿದ್ದಾರೆ. ಕಾಲಿಂಗ್‌ವುಡ್ ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರ ಅಂತ 6 ಸಲ ಆಯ್ಕೆ ಆಗಿದ್ದಾರೆ. ವರ್ಷದ ಅತ್ಯುತ್ತಮ ತಂಡ ಅಂತ ಲೀಗ್ ಆರಿಸೋ 'ಆಲ್ ಆಸ್ಟ್ರೇಲಿಯನ್' ಪಟ್ಟಿಯಲ್ಲಿ 7 ಸಲ. 2002ರ ಫೈನಲ್‌ನಲ್ಲಿ ಕಾಲಿಂಗ್‌ವುಡ್ 9 ಪಾಯಿಂಟ್‌ನಿಂದ ಬ್ರಿಸ್ಬೇನ್‌ಗೆ ಸೋತರೂ ಮೈದಾನದ ಶ್ರೇಷ್ಠ ಆಟಗಾರನ ಪದಕ ಬಕ್ಲಿಗೇ ಬಂತು. ಸೋತ ತಂಡದವನಿಗೆ ಆ ಪದಕ ಬರೋದು ಬಹಳ ಅಪರೂಪ. ದೂರದಿಂದ ಗುರಿಯಿಟ್ಟು ಒದೆಯೋದರಲ್ಲಿ ಬಕ್ಲಿ ಮುಂದೆ ನಿಲ್ಲೋರು ಕಡಿಮೆ. ಒಪ್ಪಿದೆ.

ರಿಚುಟೊ 312 ಪಂದ್ಯ. ಆಲ್ ಆಸ್ಟ್ರೇಲಿಯನ್ 8 ಸಲ, ಮೂವರಲ್ಲಿ ಜಾಸ್ತಿ. 1998ರಲ್ಲಿ ಲೀಗ್ ಗೆದ್ದ ತಂಡದಲ್ಲಿದ್ದರು. ಗಟ್ಟಿ ಮೈಯ ಆಟಗಾರ, ಗುದ್ದಾಟಕ್ಕೆ ಹೆದರೋರಲ್ಲ.

ಗುಡ್ಸ್ 372 ಪಂದ್ಯ. ಆಲ್ ಆಸ್ಟ್ರೇಲಿಯನ್ 4 ಸಲ, ಇಲ್ಲಿ ಉಳಿದಿಬ್ಬರಿಗಿಂತ ಹಿಂದೆ. ಆದರೆ ಬ್ರೌನ್‌ಲೋ ಎರಡು, 2006ರಲ್ಲಿ ಒಬ್ಬರೇ ಗೆದ್ದರು. ಲೀಗ್ ಗೆಲುವು ಎರಡು, 2005 ಮತ್ತು 2012. ಅದರಲ್ಲೂ 2005ರದ್ದು ಸಣ್ಣದಲ್ಲ. ಆ ಕ್ಲಬ್ ಸೌತ್ ಮೆಲ್ಬರ್ನ್ ಆಗಿದ್ದ ಕಾಲದಲ್ಲಿ, 1933ರಲ್ಲಿ ಗೆದ್ದಿದ್ದೇ ಕೊನೆ. 72 ವರ್ಷ ಆದಮೇಲೆ ಬಂದ ಕಪ್ ಅದು. 2012ರ ಫೈನಲ್‌ನಲ್ಲಿ ಮಂಡಿಯೊಳಗಿನ ಲಿಗಮೆಂಟ್ ಹರಿದಿದ್ದರೂ ಮೈದಾನ ಬಿಡಲಿಲ್ಲ, ಕೊನೇ ಕ್ವಾರ್ಟರ್‌ನಲ್ಲಿ ಗೋಲು ಹೊಡೆದರು. ಸಿಡ್ನಿ ಗೆದ್ದಿದ್ದು ಬರೀ 10 ಪಾಯಿಂಟ್‌ನಿಂದ. ಒಂದು ಗೋಲಿಗೆ 6 ಪಾಯಿಂಟ್ ಅಂದಮೇಲೆ ಲೆಕ್ಕ ನೀವೇ ಹಾಕಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದು: ಗುಡ್ಸ್‌ನ ಎಲ್ಲಿ ನಿಲ್ಲಿಸಿದರೂ ನಡೀತಿತ್ತು. 2003ರಲ್ಲಿ ಮೇಲೆ ಹಾರಿದ ಚೆಂಡಿಗೆ ಎತ್ತರದ ಆಟಗಾರರ ಜೊತೆ ಜಿಗಿಯೋ ಜಾಗದಲ್ಲಿ ಆಡಿ ಮೆಡಲ್ ತಗೊಂಡರು. 2006ರಲ್ಲಿ ಓಡಿ ಓಡಿ ಚೆಂಡು ಕಸಿಯೋ ಮಧ್ಯದ ಜಾಗದಲ್ಲಿ ಆಡಿ ಇನ್ನೊಂದು. ಆಮೇಲೆ ಮುಂದೆ ನಿಂತು ಗೋಲು ಹೊಡೆದರು. ಸ್ಪಿನ್ನರ್ ಆಗಿ ಒಂದು ಸಲ, ಓಪನರ್ ಆಗಿ ಇನ್ನೊಂದು ಸಲ ವರ್ಷದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ ಹಾಗೆ. ಹಾಗಾಗಿ ಮೂವರಲ್ಲಿ ಒಬ್ಬರನ್ನ ಆರಿಸು ಅಂದರೆ ನನ್ನ ಓಟು ಗುಡ್ಸ್‌ಗೆ. ನೀವು ಬಕ್ಲಿ ಅನ್ನಬಹುದು, ರಿಚುಟೊ ಅನ್ನಬಹುದು. ಅದಕ್ಕೂ ಕಾರಣ ಇದೆ, ಜಗಳ ಆಡೋಣ, ಅದೇ ಆಟದ ಮಜಾ.

ಆದರೆ ಜಗಳ ಹೇಗೆ ನಡೆಯುತ್ತೆ ನೋಡಿ. ಬಕ್ಲಿ ವಿಚಾರದಲ್ಲಿ ಎತ್ತೋ ಕೊರತೆ ಏನು? ಆಟಗಾರನಾಗಿ ಒಂದೂ ಲೀಗ್ ಗೆಲ್ಲಲಿಲ್ಲ. ಆಟದ ಮಾತು. ರಿಚುಟೊದ್ದು? ಅಡಿಲೇಡ್ ಗೆದ್ದ 1997ರ ಫೈನಲ್ ಗಾಯದಿಂದ ತಪ್ಪಿತು. ಇದೂ ಆಟದ ಮಾತು. ಗುಡ್ಸ್ ವಿಚಾರ ಬಂದ ತಕ್ಷಣ? "ಸ್ವಭಾವ." "ಫ್ರೀ ಕಿಕ್ ಗಿಟ್ಟಿಸೋಕೆ ನಾಟಕ ಆಡ್ತಿದ್ದ." "ದೇಶ ಒಡೆಯೋ ಮಾತಾಡಿದ." ಒಂದೇ ಅಂಗಡಿ, ಇಬ್ಬರಿಗೆ ಒಂದು ತಕ್ಕಡಿ, ಒಬ್ಬನಿಗೆ ಬೇರೆ ತಕ್ಕಡಿ.

ನಾಟಕದ ಆರೋಪಕ್ಕೆ ಉತ್ತರ ಮೆಡಲ್ ಒಳಗೇ ಇದೆ. ಬ್ರೌನ್‌ಲೋ ಕೊಡೋದು ಬರೀ ಚೆನ್ನಾಗಿ ಆಡಿದವನಿಗಲ್ಲ. 'ನ್ಯಾಯವಾಗಿ ಆಡಿದ, ಅತ್ಯುತ್ತಮ' ಆಟಗಾರನಿಗೆ ಅಂತಲೇ ಅದರ ನಿಯಮ. ಆ ಸೀಸನ್‌ನಲ್ಲಿ ಸಸ್ಪೆಂಡ್ ಆದವನಿಗೆ ಎಷ್ಟು ವೋಟು ಬಿದ್ದರೂ ಮೆಡಲ್ ಇಲ್ಲ. 1997ರಲ್ಲಿ ಕ್ರಿಸ್ ಗ್ರಾಂಟ್‌ಗೆ ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೂ ಇದೇ ಕಾರಣಕ್ಕೆ ಮೆಡಲ್ ರಾಬರ್ಟ್ ಹಾರ್ವಿಗೆ ಹೋಯ್ತು. ಮತ್ತೆ ವೋಟು ಹಾಕೋರು ಯಾರು? ಫ್ರೀ ಕಿಕ್ ಕೊಡೋ ಅದೇ ಅಂಪೈರುಗಳು. ಹತ್ತಿರದಿಂದ ನೋಡಿದ ಅವರೇ ಗುಡ್ಸ್‌ಗೆ ಎರಡು ಸಲ ಈ ಮೆಡಲ್ ಕೊಟ್ಟಮೇಲೆ, ಗ್ಯಾಲರಿಯಲ್ಲಿ ಕೂತವರಿಗೆ ಮಾತ್ರ ಮೋಸಗಾರ ಕಂಡಿದ್ದು ಹೇಗೆ?

ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತೆ. ಗುಡ್ಸ್ 1999ರಿಂದ ಆಡ್ತಿದ್ದರು. ಎದುರಾಳಿಗೆ ಕೂಗು ಹಾಕೋದು ಯಾವ ಮೈದಾನದಲ್ಲೂ ಇದ್ದದ್ದೇ, ಅದು ಬೇರೆ. 2013ರ ಮೇ 24, ಮೆಲ್ಬರ್ನ್ ಕ್ರಿಕೆಟ್ ಮೈದಾನ, ಎದುರಾಳಿ ಕಾಲಿಂಗ್‌ವುಡ್. ಮೂಲನಿವಾಸಿ ಆಟಗಾರರನ್ನ ಗೌರವಿಸೋಕೆ ಅಂತಲೇ ಇಟ್ಟ ವಾರ ಅದು. ಗಡಿಗೆರೆ ಹತ್ತಿರ 13 ವರ್ಷದ ಹುಡುಗಿಯೊಬ್ಬಳು ಅವರನ್ನ 'ಏಪ್' ಅಂದಳು. ನಮ್ಮ ಮಾತಲ್ಲಿ ಹೇಳೋದಾದರೆ ಮಂಗ. ಗುಡ್ಸ್ ನಿಂತರು, ತಿರುಗಿ ಬೆರಳು ತೋರಿಸಿದರು. ಮಾರನೇ ದಿನ ಅವರೇ ಹೇಳಿದರು, ಆ ಮಗುವನ್ನ ದೂರಬೇಡಿ, ಅವಳಿಗೆ ಬೆಂಬಲ ಬೇಕು ಅಂತ. ಹುಡುಗಿ ಫೋನ್ ಮಾಡಿ ಕ್ಷಮೆ ಕೇಳಿದಳು. ಕೆಲವೇ ದಿನದಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿನ ಅಧ್ಯಕ್ಷರೇ ರೇಡಿಯೊದಲ್ಲಿ ಗುಡ್ಸ್ ಹೆಸರನ್ನ ಕಿಂಗ್ ಕಾಂಗ್ ಜೊತೆ ಸೇರಿಸಿ ಮಾತಾಡಿ, ಆಮೇಲೆ ಕ್ಷಮೆ ಕೇಳಬೇಕಾಯ್ತು. ಮಕ್ಕಳು ಎಲ್ಲಿಂದ ಕಲೀತಾರೆ ಅಂತ ಇನ್ನೂ ಕೇಳಬೇಕಾ?

2014ರಲ್ಲಿ ಅವರು 'ವರ್ಷದ ಆಸ್ಟ್ರೇಲಿಯನ್' ಆದರು. ಜನಾಂಗಭೇದದ ಬಗ್ಗೆ, ತಮ್ಮ ಜನರ ಇತಿಹಾಸದ ಬಗ್ಗೆ ಮಾತಾಡಿದರು. ಅಲ್ಲಿಂದ ಚೆಂಡು ಮುಟ್ಟಿದಾಗಲೆಲ್ಲ ಬೂ, ಬೂ. 2015ರ ಮೇ 29ರಂದು ಕಾರ್ಲ್‌ಟನ್ ವಿರುದ್ಧ ಗೋಲು ಹೊಡೆದು, ಮೂಲನಿವಾಸಿ ಹುಡುಗರ ತಂಡದಿಂದ ಕಲಿತ ಯುದ್ಧನೃತ್ಯ ಮಾಡಿದರು, ಈಟಿ ಎಸೆದ ಹಾಗೆ ಅಭಿನಯಿಸಿದರು. ಇಲ್ಲದ ಈಟಿಗೆ ಎಷ್ಟು ಜನಕ್ಕೆ ಗಾಯ ಆಯ್ತು ಅಂತೀರಾ! ಜುಲೈ ಕೊನೆಗೆ ಪರ್ತ್‌ನಲ್ಲಿ ಕೂಗು ಜಾಸ್ತಿಯಾದಾಗ ಜೊತೆ ಆಟಗಾರ, ಇನ್ನೊಬ್ಬ ಮೂಲನಿವಾಸಿ ಲೂಯಿಸ್ ಜೆಟ್ಟಾ ಗೋಲು ಹೊಡೆದು ಅದೇ ನೃತ್ಯ ಮಾಡಿದರು. ಗುಡ್ಸ್ ಆ ವಾರ ರಜೆ ಹಾಕಿ ದೂರ ಹೋದರು. ಮರಳಿ ಬಂದು ಸೀಸನ್ ಮುಗಿಸಿ ನಿವೃತ್ತಿ. ಫೈನಲ್ ದಿನ ನಿವೃತ್ತರನ್ನ ಮೈದಾನ ಸುತ್ತಿಸೋ ಮೆರವಣಿಗೆಗೂ ಹೋಗಲಿಲ್ಲ.

1999ರಿಂದ 2012ರವರೆಗೆ ಇಲ್ಲದ 'ಸ್ವಭಾವ' 2013ರ ಮೇಲೆ ಹುಟ್ಟಿತಾ? ಆಟ ಬದಲಾಗಲಿಲ್ಲ. ಆತ ಬಾಯಿ ಬಿಟ್ಟ, ಅಷ್ಟೆ. "ಬೇರೆ ಮೂಲನಿವಾಸಿ ಆಟಗಾರರಿಗೆ ಯಾರೂ ಬೂ ಅನ್ನಲ್ಲವಲ್ಲ" ಅಂತ ವಾದ ಮಾಡಿದರು. ಈ ವಾದ ನಮಗೆ ಹೊಸದಾ? ತಲೆ ತಗ್ಗಿಸಿ ಕೂತವನು 'ಒಳ್ಳೆ ಹುಡುಗ', ಎದ್ದು ಕೇಳಿದವನು 'ಎಲ್ಲದಕ್ಕೂ ಜಾತಿ ತರ್ತಾನೆ'. ಆಫೀಸಲ್ಲಿ ಇಪ್ಪತ್ತು ವರ್ಷ ಈ ಮಾತು ಕೇಳಿದ್ದೀನಿ.

ಹಿಂದಕ್ಕೂ ಹೋಗೋಣ. 1927ರಲ್ಲಿ ಡಗ್ ನಿಕೋಲ್ಸ್ ಅನ್ನೋ ಯೋರ್ಟಾ ಯೋರ್ಟಾ ಜನಾಂಗದ ಹುಡುಗ ಕಾರ್ಲ್‌ಟನ್ ಕ್ಲಬ್ಬಿಗೆ ಆಡೋಕೆ ಹೋದ. ಇವನ ಮೈ ವಾಸನೆ ಅಂತ ಹೇಳಿ ಸೇರಿಸಿಕೊಳ್ಳಲಿಲ್ಲ. ಮುಂದೆ 1932ರಲ್ಲಿ ಫಿಟ್ಜ್‌ರಾಯ್ ಕ್ಲಬ್ ಸೇರಿದಾಗ ಬಟ್ಟೆ ಬದಲಿಸೋ ಕೋಣೆಯಲ್ಲಿ ಒಬ್ಬನೇ ಮೂಲೆಯಲ್ಲಿ ಕೂತಿದ್ದನಂತೆ. ಆ ತಂಡದ ದೊಡ್ಡ ಹೆಸರು ಹೇಡನ್ ಬಂಟನ್ ಬಂದು ತನ್ನ ಪಕ್ಕಕ್ಕೆ ಕರಕೊಂಡು ಹೋದ. ಬಂಟನ್ 3 ಬ್ರೌನ್‌ಲೋ ಗೆದ್ದವನು. ಮೂರು ಮೆಡಲ್ ಒಂದು ಕಡೆ ಇರಲಿ, ಆ ಬೆಂಚಿನ ಮೇಲೆ ಮಾಡಿಕೊಟ್ಟ ಜಾಗವನ್ನೂ ಅವನ ಲೆಕ್ಕಕ್ಕೆ ಸೇರಿಸಿ ಅಂತೀನಿ ನಾನು. ನಿಕೋಲ್ಸ್ 1976ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆದರು.

ವಾಸನೆಯ ಮಾತು ಕೇಳಿದಾಗ ನನಗೆ ಧಾರವಾಡದಲ್ಲಿ ಹುಟ್ಟಿದ ನಮ್ಮ ಪಲ್ವಂಕರ್ ಬಾಲೂ ನೆನಪಾದರು. ಚಮ್ಮಾರ ಕುಲದ ಸ್ಪಿನ್ ಬೌಲರ್. ಅವರು ಎಸೆದ ಚೆಂಡು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಮಾತ್ರ ಪುಣೆಯ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರೂ ಹಿಂದೂ ತಂಡದ ಕ್ಯಾಪ್ಟನ್ ಮಾಡಲಿಲ್ಲ. ತಮ್ಮ ವಿಠಲ್‌ಗೆ ಆ ಪಟ್ಟ ಸಿಗೋ ಹೊತ್ತಿಗೆ 1923.

ಈಗ ನಮ್ಮವರಿಗೂ ಒಂದು ಮಾತು, ಬೇಜಾರಾದರೂ ಪರವಾಗಿಲ್ಲ. ನಾವು ಗುಡ್ಸ್ ಬಗ್ಗೆ ಪೋಸ್ಟ್ ಹಾಕುವಾಗ ಏನು ಬರೀತೀವಿ? ಮಂಗ ಅಂದರು, ಬೂ ಅಂದರು, ಅತ್ತರು. ಬಾಲೂ ಅಂದರೆ ಮಣ್ಣಿನ ಕುಡಿಕೆ. 372 ಪಂದ್ಯ, ಎರಡು ಬ್ರೌನ್‌ಲೋ, ಹರಿದ ಮಂಡಿಯ ಗೋಲು ಎಷ್ಟು ಜನ ಬರೆದಿದ್ದೀವಿ? ನಾನೂ ಬರೆದಿರಲಿಲ್ಲ. ಅಕ್ಕನ ಮಗ ಕೇಳಿದಾಗ ನನ್ನ ಹತ್ತಿರ ಬರೀ ನೋವಿನ ಕತೆ ಇತ್ತು, ಆಟದ ಲೆಕ್ಕ ಇರಲಿಲ್ಲ. ಮೂರು ದಿನ ಹುಡುಕಿ ಓದಿದೆ. ಅವಮಾನ ಆಗಿದ್ದಕ್ಕೆ ಗುಡ್ಸ್ ದೊಡ್ಡವರಾಗಲಿಲ್ಲ. ದೊಡ್ಡ ಆಟಗಾರರಾಗಿದ್ದರು, ಮಾತಾಡಿದರು, ಅದಕ್ಕೆ ಅವಮಾನ ಮಾಡಿದರು. ಈ ಕ್ರಮ ತಿರುಗಿಸಿದರೆ ನಾವೂ ಅವರ ಆಟ ಕಿತ್ತುಕೊಂಡ ಹಾಗೆ.

2019ರಲ್ಲಿ ಎಎಫ್‌ಎಲ್ ಮತ್ತು 18 ಕ್ಲಬ್ಬುಗಳು ಕ್ಷಮೆ ಕೇಳಿದವು. 2021ರಲ್ಲಿ ಆಟದ 'ಹಾಲ್ ಆಫ್ ಫೇಮ್'ಗೆ ಕರೆದರು. ಗುಡ್ಸ್ ಬೇಡ ಅಂದರು. ಬಕ್ಲಿ, ರಿಚುಟೊ ಅದರಲ್ಲಿದ್ದಾರೆ. ಅಲ್ಲಿ ಗುಡ್ಸ್ ಜಾಗ ಖಾಲಿ ಇರೋದು ಆಟ ಕಮ್ಮಿ ಆಗಿದ್ದಕ್ಕಲ್ಲ ಅನ್ನೋದನ್ನ ಮುಂದಿನ ಹುಡುಗರಿಗೆ ಯಾರಾದರೂ ಹೇಳಬೇಕು.

ಇಷ್ಟನ್ನೂ ಅಕ್ಕನ ಮಗನಿಗೆ ವಾಯ್ಸ್ ಮೆಸೇಜಲ್ಲಿ ಕಳಿಸಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಮಾವ, ಕಿಕ್ಕಿಂಗ್‌ನಲ್ಲಿ ಈಗಲೂ ಬಕ್ಲಿನೇ. ಆದ್ರೆ ಸ್ವಭಾವದ ಮಾತು ವಾಪಸ್ ತಗೋತೀನಿ. 2012ರ ಫೈನಲ್ ಈ ಶನಿವಾರ ಪೂರ್ತಿ ನೋಡ್ತೀನಿ."

ನನಗಷ್ಟು ಸಾಕು. ಬಕ್ಲಿ ಪರ ಅವನು ವಾದ ಮಾಡಲಿ, ನಾನು ಗುಡ್ಸ್ ಪರ. ನೀವು ಯಾರ ಪರ? ಕಾಮೆಂಟಲ್ಲಿ ಬರೀರಿ, ಆಟದ ಲೆಕ್ಕ ಇಟ್ಟುಕೊಂಡು ಬರೀರಿ.

ಜೈ ಭೀಮ್.