ಎಣ್ಣೆ ಡಬ್ಬಿಯ ಮೇಲೆ ಕೋಪ, ಎಂಡೋಸ್ಕೋಪಿ ಬಗ್ಗೆ ಮೌನ

ಕಳೆದ ವರ್ಷ ಯುಗಾದಿ ಹೊತ್ತಿಗೆ ನಮ್ಮ ಚಿಕ್ಕಪ್ಪನಿಗೆ ರೊಟ್ಟಿ ನುಂಗುವುದು ಕಷ್ಟವಾಯಿತು. ಆಮೇಲೆ ಅನ್ನವೂ ನಿಲ್ಲತೊಡಗಿತು. ತುತ್ತಿಗೊಂದು ಗುಟುಕು ನೀರು ಬೇಕು. 'ಗ್ಯಾಸ್ಟ್ರಿಕ್ ಇರ್ಬೇಕು ಬಿಡೋ' ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿದ್ದರು.

ಅದೇ ದಿನಗಳಲ್ಲಿ ಒಂದು ವಾಟ್ಸ್ಆ್ಯಪ್ ಮೆಸೇಜ್ ಓಡಾಡುತ್ತಿತ್ತು. ರೀಫೈಂಡ್ ಎಣ್ಣೆ ಜೀವಕೋಶದ ಪೊರೆಯೊಳಗೆ ಸೇರಿಕೊಂಡು ಹೊಟ್ಟೆ, ಕರುಳಿನ ಕ್ಯಾನ್ಸರ್ ತರುತ್ತದೆ ಎನ್ನುವುದು ಅದರ ಸಾರ. ಚಿಕ್ಕಮ್ಮ ಒಗ್ಗರಣೆ ಹಾಕುವುದನ್ನೇ ಬಿಟ್ಟರು. ನಾಲ್ಕು ತಿಂಗಳು ಸಪ್ಪೆ ಸಾರು. ಅಷ್ಟರಲ್ಲಿ ಚಿಕ್ಕಪ್ಪನ ಅಂಗಿ ಜೋಲುತ್ತಿತ್ತು. ಕೊನೆಗೆ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದಲ್ಲಿ ಗಡ್ಡೆ ಕಂಡಿತು.

ಆ ಮೆಸೇಜನ್ನು ನಮ್ಮ ಮನೆಯ ಗ್ರೂಪಿಗೆ ಹಾಕಿದವನು ನಾನು. ಪತ್ರಿಕೆಯವನು ಕಳಿಸಿದ್ದು ಸುಳ್ಳಿರಲಿಕ್ಕಿಲ್ಲ ಅಂತ ಅವರು ನಂಬಿದರು. ಹಾಗಾಗಿ ಆಮೇಲೆ ಕೂತು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳಬೇಕಾದದ್ದು: ಕೋಶಪೊರೆಯ ಕೊಬ್ಬಿಗೂ ಕ್ಯಾನ್ಸರಿಗೂ ಸಂಬಂಧ ಇದೆ. ಮೆಸೇಜ್ ಬರೆದವರು ಅಷ್ಟನ್ನು ಎಲ್ಲಿಂದಲೋ ಎತ್ತಿಕೊಂಡಿದ್ದಾರೆ. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಎರಡು ಪದರದ ಕೊಬ್ಬಿನ ಹೊದಿಕೆ ಇದೆ. 1925ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ವಿಜ್ಞಾನಿಗಳು ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದರು. ಅದು ಕಣಗಳ ಮೈಗಿಂತ ಎರಡು ಪಟ್ಟು ಜಾಗ ಹಿಡಿಯಿತು. ಎರಡು ಪದರ ಅಂತ ಗೊತ್ತಾಗಿದ್ದು ಹೀಗೆ. ಒಂದು ಕಾಗದದ ದಪ್ಪಕ್ಕೆ ಇಂಥ ಪೊರೆಗಳನ್ನು ಸುಮಾರು 20,000 ಪೇರಿಸಬಹುದು.

ಈ ಪೊರೆ ಬರೀ ಬೇಲಿಯಲ್ಲ. ಅದರಲ್ಲಿರುವ ಒಂದು ಜಾತಿಯ ಕೊಬ್ಬು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಪಿಐ3ಕೆ ಎಂಬ ಕಿಣ್ವ ಆ ಕೊಬ್ಬಿಗೆ ಒಂದು ಫಾಸ್ಫೇಟ್ ಅಂಟಿಸಿದರೆ 'ಬೆಳೆ, ಎರಡಾಗು' ಎಂಬ ಸೂಚನೆ ಕೋಶದೊಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಪಿಟೆನ್ ಎಂಬ ಇನ್ನೊಂದು ಕಿಣ್ವ ಅದನ್ನು ಕಿತ್ತು ಸ್ವಿಚ್ ಆಫ್ ಮಾಡುತ್ತದೆ. ದೊಡ್ಡ ಕರುಳಿನ ಎಷ್ಟೋ ಗಡ್ಡೆಗಳಲ್ಲಿ ಈ ಪಿಐ3ಕೆ ಜೀನ್ ಕೆಟ್ಟಿರುತ್ತದೆ. ಮೋಟಾರಿನ ಸ್ಟಾರ್ಟರ್ ಸಿಕ್ಕಿಹಾಕಿಕೊಂಡು, ಬಾವಿ ಬತ್ತಿದರೂ ಓಡುತ್ತಲೇ ಇರುತ್ತದಲ್ಲ, ಹಾಗೆ.

ಇನ್ನೊಂದು ಕತೆ ಜಠರದ್ದು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ನಮ್ಮ ಜಠರದ ಕೋಶಪೊರೆಯಿಂದಲೇ ಕೊಲೆಸ್ಟರಾಲ್ ಕದಿಯುತ್ತದೆ. ಅದಕ್ಕೆ ಸಕ್ಕರೆ ಅಂಟಿಸಿ ತನ್ನ ಮೈಗೆ ಹೊದ್ದುಕೊಂಡು, ನಮ್ಮ ರೋಗನಿರೋಧಕ ಕಣಗಳ ಕಣ್ಣು ತಪ್ಪಿಸುತ್ತದೆ. ಜಠರದ ಕ್ಯಾನ್ಸರಿಗೆ ದೊಡ್ಡ ಕಾರಣ ಈ ಬ್ಯಾಕ್ಟೀರಿಯಾ. ಇದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಡಾಕ್ಟರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಸರಿಯಾಗಿ ತೆಗೆದುಕೊಂಡರೆ ಸಾಮಾನ್ಯವಾಗಿ ಎರಡು ವಾರದಲ್ಲಿ ಇದನ್ನು ಓಡಿಸಬಹುದು. ಈ ಸುದ್ದಿ ಮಾತ್ರ ನನ್ನ ಯಾವ ಗ್ರೂಪಿಗೂ ಬರಲಿಲ್ಲ.

ಈಗ ಎಣ್ಣೆ ವಿಷಯ. ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಅಂತ ಒಂದು ಕೊಬ್ಬಿನಾಮ್ಲ ಇರುತ್ತದೆ. ಉರಿಯೂತ ಆದಾಗ ಅದು ಹೊರಬಂದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವಾಗುತ್ತದೆ, ಅದು ಕರುಳಿನ ಗಡ್ಡೆಗೆ ಗೊಬ್ಬರ ಹಾಕುತ್ತದೆ. ಸನ್‌ಫ್ಲವರ್ ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲದಿಂದ ದೇಹ ಈ ಅರಾಕಿಡೋನಿಕ್ ಆಮ್ಲವನ್ನು ತಯಾರಿಸಿಕೊಳ್ಳಬಲ್ಲದು. ಮೆಸೇಜ್ ಹುಟ್ಟಿದ್ದು ಇಲ್ಲಿಂದ ಅಂತ ಕಾಣುತ್ತದೆ. ಆದರೆ ಎಣ್ಣೆ ಹೆಚ್ಚು ತಿಂದಷ್ಟೂ ಮೈಯಲ್ಲಿ ಅದು ಏರುತ್ತಾ ಹೋಗುವುದಿಲ್ಲ. ಎಷ್ಟು ಬೇಕೋ ಅಷ್ಟನ್ನು ದೇಹವೇ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಮಿತಿಮೀರಿ ಕರಿದದ್ದು ತಿಂದು ಬೊಜ್ಜು ಬಂದರೆ ಅಪಾಯ ಇದೆ, ಅದು ಬೇರೆ ಮಾತು. ಒಗ್ಗರಣೆಯ ಎರಡು ಚಮಚ ಎಣ್ಣೆ ಅನ್ನನಾಳದಲ್ಲಿ ಗಡ್ಡೆ ಕಟ್ಟುವುದಿಲ್ಲ.

ಆಸ್ಪಿರಿನ್ ತಡೆಯುವುದು ಈ ಪ್ರೊಸ್ಟಾಗ್ಲಾಂಡಿನ್ ದಾರಿಯನ್ನೇ. ಲಿಂಚ್ ಸಿಂಡ್ರೋಮ್ ಅಂತ ವಂಶದಲ್ಲಿ ಹರಿದುಬರುವ ಒಂದು ತೊಂದರೆ ಇದೆ. ಅದಿರುವ 861 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಆಸ್ಪಿರಿನ್ ತೆಗೆದುಕೊಂಡವರಲ್ಲಿ 100ಕ್ಕೆ 9 ಜನರಿಗೆ, ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ 13 ಜನರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. 2025ರಲ್ಲಿ ಸ್ವೀಡನ್ ಮತ್ತು ಅಕ್ಕಪಕ್ಕದ ದೇಶಗಳಿಂದ ಇನ್ನೊಂದು ಫಲಿತಾಂಶ ಬಂತು. ಆ ಪಿಐ3ಕೆ ಸ್ವಿಚ್ ಕೆಟ್ಟಿದ್ದ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಆಪರೇಷನ್ ಆದ ಮೇಲೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರೆ, ರೋಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು.

ಓದಿದ ಕೂಡಲೇ ಮೆಡಿಕಲ್ ಶಾಪಿಗೆ ಓಡಬೇಡಿ. 2018ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ, ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರು ಇದ್ದರು. ಆಸ್ಪಿರಿನ್ ನುಂಗಿದವರಲ್ಲಿ ರಕ್ತಸ್ರಾವ ಹೆಚ್ಚಾಯಿತು, ಕ್ಯಾನ್ಸರ್ ಸಾವೂ ತುಸು ಹೆಚ್ಚೇ ಕಂಡಿತು. ಅದೇ ಮಾತ್ರೆ, ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಹಾನಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಡಾಕ್ಟರು ಹೇಳಿದ್ದಕ್ಕೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಲೂ ಬಾರದು.

ನನ್ನ ತಕರಾರು ಇಷ್ಟೇ. ಪೊರೆಯ ಕೊಬ್ಬಿನ ವಿಜ್ಞಾನ ಕೆಲಸಕ್ಕೆ ಬರುವುದು ಗಡ್ಡೆ ಯಾವ ಥರದ್ದು ಅಂತ ಪರೀಕ್ಷೆ ಆದ ಮೇಲೆ. ಪರೀಕ್ಷೆಯೇ ಆಗದ ಊರಿನಲ್ಲಿ ಅದನ್ನು ಅಡುಗೆಮನೆಗೆ ತಂದು ಹೆಂಗಸರ ತಲೆಗೆ ಕಟ್ಟುತ್ತಿದ್ದೇವೆ. 'ಇಷ್ಟು ವರ್ಷ ನಾನೇ ವಿಷ ಹಾಕಿದೆನೇನೋ' ಅಂತ ಚಿಕ್ಕಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತರು. ಚಿಕ್ಕಪ್ಪ 30 ವರ್ಷ ಎಲೆ ಅಡಿಕೆ ಹೊಗೆಸೊಪ್ಪು ಜಗಿದಿದ್ದನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಅದು ಅನ್ನನಾಳದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿದೆ, ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯ ಮೇಲೂ ಅದೇ ಮಾತು. ನಮ್ಮ ಮನೆಯ ಅನ್ನವೂ ಅಡಿಕೆಯದ್ದೇ. ಇದನ್ನು ಬರೆದಿದ್ದಕ್ಕೆ ಊರಲ್ಲಿ ಬೈಸಿಕೊಳ್ಳುತ್ತೇನೆ, ಇರಲಿ.

ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ. ಹೊಟ್ಟೆ, ಕರುಳು, ಅನ್ನನಾಳ ಅದರಲ್ಲಿಲ್ಲ. ಹಾಗಿದ್ದ ಮೇಲೆ ಲಕ್ಷಣ ಕಂಡ ಕೂಡಲೇ ಎಂಡೋಸ್ಕೋಪಿ ಸಿಗಬೇಕು ತಾನೆ? ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಮಷಿನ್ ಇಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ಲೆಕ್ಕ ಹಾಕಿ ಜನ ಇನ್ನೊಂದು ಸ್ಟ್ರಿಪ್ ಗ್ಯಾಸ್ಟ್ರಿಕ್ ಮಾತ್ರೆಗೇ ಹೋಗುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಮಗೂ ಅದು ಆಸರೆಯಾಯಿತು. ಆದರೆ ಕಾರ್ಡ್ ಕೆಲಸಕ್ಕೆ ಬರಬೇಕಾದರೆ ಮೊದಲು ರೋಗ ಗೊತ್ತಾಗಬೇಕಲ್ಲ. ವಾರಕ್ಕೆ ಒಂದು ದಿನವಾದರೂ ತಾಲ್ಲೂಕಿನಲ್ಲಿ ಎಂಡೋಸ್ಕೋಪಿ ಕೊಡಿ ಅಂತ ನಾವು ಒಂದು ಗ್ರಾಮಸಭೆಯಲ್ಲೂ ಕೇಳಿಲ್ಲ. ರಸ್ತೆ ಕೇಳಿದ್ದೇವೆ, ಸಮುದಾಯ ಭವನ ಕೇಳಿದ್ದೇವೆ.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಡಾಂಬರಿನಂತೆ ಕಪ್ಪು ಮಲ, ಮಲದಲ್ಲಿ ರಕ್ತ, ಕಣ್ಣು ಹಳದಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಮೆಡಿಕಲ್ ಶಾಪಲ್ಲ, ಡಾಕ್ಟರ ಹತ್ತಿರ ಹೋಗಿ.

ಚಿಕ್ಕಪ್ಪನಿಗೆ ರೇಡಿಯೇಷನ್, ಕೀಮೋ ಮುಗಿದಿದೆ. ಗಂಜಿ, ಮೆತ್ತಗಿನ ಅನ್ನ ಇಳಿಯುತ್ತಿದೆ. ಚಿಕ್ಕಮ್ಮ ಮತ್ತೆ ಒಗ್ಗರಣೆ ಹಾಕುತ್ತಿದ್ದಾರೆ. ನಮ್ಮ ತಾಲ್ಲೂಕಿಗೆ ಎಂಡೋಸ್ಕೋಪಿ ಯಾಕಿಲ್ಲ, ಯಾವಾಗ ಬರುತ್ತದೆ ಅಂತ ಕಳೆದ ಸೋಮವಾರ ಆರ್‌ಟಿಐ ಅರ್ಜಿ ಹಾಕಿದ್ದೇನೆ. ಉತ್ತರ ಕೊಡಲು 30 ದಿನ ಸಮಯ ಇದೆ. ಬಂದ ಪತ್ರವನ್ನು ಇಲ್ಲೇ ಹಾಕುತ್ತೇನೆ.