ಸವಾರನಿಗೂ ಬೇಕು ವಿರಾಮದ ನಿಯಮ

ಹಗಲೆಲ್ಲ ಸೈಕಲ್ ಅಂಗಡಿಯಲ್ಲಿ ನಿಂತು ದುಡಿದು, ಸಂಜೆ ಕಠಿಣ ಸವಾರಿಗೆ ಅಭ್ಯಾಸ ಮಾಡುವವರ ಛಲ ಮೆಚ್ಚತಕ್ಕದ್ದು. ಆದರೆ ದೇಹವು ಅಂಗಡಿಯ ದುಡಿಮೆಯನ್ನೂ ಶ್ರಮದ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ.

ಕತಾರ್‌ನಲ್ಲಿ 2021ರಿಂದ ಜಾರಿಯಲ್ಲಿರುವ ನಿಯಮವು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನ ಕೆಲಸವನ್ನು ನಿಷೇಧಿಸುತ್ತದೆ. ಹವ್ಯಾಸಿ ಸವಾರನಿಗೆ ಅಂಥ ರಕ್ಷಣೆಯಿಲ್ಲ. ತನ್ನ ನಿಯಮವನ್ನು ತಾನೇ ರೂಪಿಸಿಕೊಳ್ಳಬೇಕು.

ಸೂರ್ಯ ಮುಳುಗಿದರೂ ಅಲ್ ಹಿಲಾಲ್‌ನ ತೇವಭರಿತ ಗಾಳಿಯಲ್ಲಿ ಬೆವರು ಬೇಗ ಆರದು, ಮೈ ತಣಿಯದು. ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ರಜೆ ಮುಗಿಸಿ ಊರಿನಿಂದ ಮರಳಿದವರು ಮತ್ತೆ ಅಲ್ಪ ದೂರದಿಂದಲೇ ಆರಂಭಿಸಬೇಕು. ಸೆಕೆಯಲ್ಲಿ ಸವಾರನ ಮಾತು ತೊದಲಿದರೆ, ಬುದ್ಧಿ ಗೊಂದಲಗೊಂಡರೆ ಶಾಖಾಘಾತವೆಂದೇ ಬಗೆದು, ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿಯುತ್ತ 999ಕ್ಕೆ ಕರೆ ಮಾಡಬೇಕು.

ಗಿರಾಕಿಯ ಸೈಕಲ್ಲಿಗೆ ತೋರುವ ಕಾಳಜಿ ಸ್ವಂತ ದೇಹಕ್ಕೂ ಸಲ್ಲಲಿ.